ಹೂವಿಗಿಂತ ಮೊದಲಿನ ಪರಾಗ

ನನ್ನ ಅಂಗೈ ನೋಡಿ, ಪೂರ್ತಿ ಕಪ್ಪು. ಹಳೇ ಹುಬ್ಬಳ್ಳಿಯ ಒಂದು ಕಮ್ಮಾರ ಸಾಲೆಯಲ್ಲಿದ್ದೀನಿ. ಮುಂಗಾರು ಶುರುವಾಯ್ತಲ್ವಾ, ನೇಗಿಲ ಕುಡ ಹಣಿಸಿಕೊಳ್ಳೋಕೆ ಜನ ಸಾಲಾಗಿ ನಿಂತಿದ್ದಾರೆ. ನಾನು ಬಂದಿದ್ದು ಕುಲುಮೆ ಪಕ್ಕದ ಈ ಕಲ್ಲಿದ್ದಲಿಗಾಗಿ.

ಇದರೊಳಗೆ ಪರಾಗ ಇರುತ್ತೆ ಅಂದೆ. ಕಾಕಾ ಸುತ್ತಿಗೆ ಕೆಳಗಿಟ್ಟು, "ಇದ್ದಲಿನಾಗ ಎಲ್ಲೀ ಹೂವೋ ತಮ್ಮಾ?" ಅಂದರು.

ಕಾಕಾ ಮಾತು ಸರಿನೇ. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲು ಪರ್ಮಿಯನ್ ಕಾಲದ್ದು, 25 ಕೋಟಿ ವರ್ಷಕ್ಕೂ ಹಿಂದಿನದು. ಆಗ ಹೂ ಬಿಡೋ ಗಿಡಗಳೇ ಇರಲಿಲ್ಲ. ಆದರೆ ಪರಾಗ ಇತ್ತು! ಗ್ಲಾಸಾಪ್ಟೆರಿಸ್ ಅಂತ ನಾಲಗೆಯಂಥ ಎಲೆಯ ಮರಗಳು, ಹೂವಿಲ್ಲದೆ ಬೀಜ ಬಿಡ್ತಿದ್ದವು. ಅವುಗಳ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು ನೀವು: ನಡುವೆ ಒಂದು ಗುಂಡು, ಅದರ ಮೇಲೆ ಗೆರೆಗೆರೆ, ಎರಡೂ ಬದಿಗೆ ಒಂದೊಂದು ಗಾಳಿಚೀಲ. ಇವತ್ತಿನ ಪೈನ್ ಮರದ ಪರಾಗಕ್ಕೂ ಇಂಥವೇ ಎರಡು ಚೀಲ ಇರ್ತವೆ.

ಎಲೆ, ಕಾಂಡ ಎಲ್ಲ ಜಜ್ಜಿ ಕಪ್ಪಾಗಿ ಹೋದರೂ ಇದು ಉಳಿದಿದ್ದು ಹೇಗೆ? ಇದರ ಹೊರಗೋಡೆ ಸ್ಪೋರೋಪೊಲೆನಿನ್ ಅನ್ನೋ ವಸ್ತುವಿನದು, ಸುಲಭಕ್ಕೆ ಕೊಳೆಯಲ್ಲ, ಆಮ್ಲಕ್ಕೂ ಬೇಗ ಜಗ್ಗಲ್ಲ. ಅದಕ್ಕೇ ಪ್ರಯೋಗಾಲಯದಲ್ಲಿ ಇದ್ದಲನ್ನು ಪುಡಿ ಮಾಡಿ ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ತೊಳೆದು, ಆಮೇಲೆ ಕ್ಷಾರ ಹಾಕ್ತಾರೆ. ಕಪ್ಪೆಲ್ಲ ಕರಗಿ ಹೋಗಿ ಪರಾಗ ಉಳಿಯುತ್ತೆ. ಮನೆಯಲ್ಲಿ ಮಾತ್ರ ಮಾಡೋಕೆ ಹೋಗಬೇಡಿ. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯವರು ದಶಕಗಳಿಂದ ಈ ಕೆಲಸ ಮಾಡ್ತಿದ್ದಾರೆ.

ನನಗೆ ತುಂಬಾ ಇಷ್ಟವಾಗೋದು ಎಣಿಕೆ. ಸ್ಲೈಡಿನಲ್ಲಿ ಒಂದೊಂದೇ ಕಣ ಗುರುತಿಸಿ, ಯಾವ ಬಗೆ ಎಷ್ಟಿದೆ ಅಂತ ಬರೀತಾ ಹೋಗ್ತಾರೆ. ಹಿಮ ಕರಗ್ತಿದ್ದ ಕಾಲದ ಕೆಳಗಿನ ಪದರಗಳಲ್ಲಿ ಸುತ್ತಲೂ ಒಂದೇ ಚೀಲ ಇರೋ ಪರಾಗ ಜಾಸ್ತಿ. ಮೇಲೆ, ಪರ್ಮಿಯನ್ ಕಾಲದ ಕೊನೆಯ ಭಾಗದ ರಾಣಿಗಂಜ್ ಪದರಕ್ಕೆ ಬಂದರೆ ಗೆರೆಗಳ ಎರಡು ಚೀಲದ್ದೇ ಕಾರುಬಾರು. ಅಂದರೆ ಕಾಡೇ ಬದಲಾಗ್ತಾ ಬಂತು. ಹಾಗಂತ ಎಣಿಕೆ ನೋಡಿದ ಕೂಡಲೇ ಇಲ್ಲಿ ಇದೇ ಮರ ಇತ್ತು ಅನ್ನೋಕಾಗಲ್ಲ. ಚೀಲದ ಪರಾಗ ಗಾಳಿಯಲ್ಲಿ ಎಲ್ಲಿಂದೆಲ್ಲಿಗೋ ಬರುತ್ತೆ, ಜರಿಗಿಡ ಬೀಜದ ಬದಲು ಉದುರಿಸೋ ಸಣ್ಣ ಕಣ, ಅಂದರೆ ಬೀಜಕ, ಹೆಚ್ಚಾಗಿ ಹತ್ತಿರದಲ್ಲೇ ಬೀಳುತ್ತೆ.

ಧಾರವಾಡದ ನೆಲದಲ್ಲಿ ಯಾಕಿಲ್ಲ ಕಲ್ಲಿದ್ದಲು ಅಂತ ಕಾಕಾ ಕೇಳಿದರು. ನಮ್ಮ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು, ಆಗ ನೆಲದ ಮೇಲೆ ಕಾಡೇ ಇರಲಿಲ್ಲ.

ಈ ತುಂಡು ಯಾವ ಗಣಿಯದ್ದು ಅಂತ ಕಾಕಾಗೂ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ. ಪರಾಗ ಎಣಿಸಿದರೆ ಯಾವ ಕಾಲದ ಪದರದ್ದು ಅಂತಾದರೂ ಗೊತ್ತಾಗಬಹುದು. ಕೇಳಿ ತಗೊಂಡು, ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದೀನಿ.