ಸೈನ್ ಒಂದು, ಸಾಲ ಇಬ್ಬರದು

ನಮಸ್ಕಾರ ಕೇಳುಗರೆ. ನಾನು ತೀರ್ಥಹಳ್ಳಿ ಕಡೆಯೋನು, ಹೈಸ್ಕೂಲ್ ಮೇಷ್ಟ್ರಾಗಿದ್ದು ಈಗ ರಿಟೈರ್ ಆಗಿದೀನಿ. ಸರ್ಕಾರಿ ನೌಕರಿಯೋರಿಗೆ ನಮ್ಮ ಕಡೆ ಇನ್ನೊಂದು ಸಂಬಳ ಇಲ್ಲದ ನೌಕರಿನೂ ಇರತ್ತೆ ಮಾರಾಯ್ರೆ, ನೆಂಟರಿಷ್ಟರ ಸಾಲಕ್ಕೆ ಶ್ಯೂರಿಟಿ, ಅಂದ್ರೆ ಜಾಮೀನು ಹಾಕೋದು.

ನಮ್ಮಕ್ಕನ ಮಗ ಬ್ಯಾಂಕ್ ಸಾಲದಲ್ಲಿ ಕಾರ್ ತಗೊಂಡು ಜೋಗ, ಸಿಗಂದೂರು, ಆಗುಂಬೆ ಅಂತ ಟೂರಿಸ್ಟ್ ಬಾಡಿಗೆ ಹೊಡಿತೀನಿ ಅಂದ. "ಮಾವ, ಒಂದು ಸೈನ್ ಅಷ್ಟೆ, ಫಾರ್ಮಾಲಿಟಿ" ಅಂದ. ಮದುವೆ ರಿಜಿಸ್ಟ್ರಿಗೆ ಸಾಕ್ಷಿ ಹಾಕಿದಂಗೆ ಹಾಕಿಬಿಟ್ಟೆ, ಓದಿದ್ರೆ ತಾನೆ! 2020ರಲ್ಲಿ ಲಾಕ್‌ಡೌನ್ ಬಂತು, ಬಾಡಿಗೆ ನಿಂತು ಹೋಯ್ತು, ಕಂತೂ ನಿಂತ್ವು. ನನಗೆ ಗೊತ್ತಾಗಿದ್ದು ಮನೆ ರಿಪೇರಿಗೆ ನಾನೇ ಸಾಲ ಕೇಳೋಕೆ ಹೋದಾಗ. ಸಿಬಿಲ್ ಸ್ಕೋರ್, ಅಂದ್ರೆ ಸಾಲ ತೀರಿಸೋದ್ರಲ್ಲಿ ನಿಮಗೆ ಕೊಡೋ ಅಂಕ, ಬಿದ್ದೋಗಿದೆ ಸಾರ್ ಅಂದ್ರು. ನಾನು ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟೋನಲ್ಲ!

ಆಮೇಲೆ ವಕೀಲರ ಹತ್ರ ಕೂತು ತಿಳ್ಕೊಂಡೆ. 1872ರ ಕರಾರು ಕಾಯ್ದೆ, 128ನೇ ಕಲಮು ಹೇಳೋದು, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ, ಕರಾರಲ್ಲಿ ಬೇರೆ ತರ ಬರೆದಿದ್ರೆ ಮಾತ್ರ ಕಡಿಮೆ. ಮೊದಲು ಅವನನ್ನ ಹಿಡೀರಿ, ಆಮೇಲೆ ನನ್ನ ಹತ್ರ ಬನ್ನಿ ಅನ್ನೋಕೆ ಆಗಲ್ಲ, 1968ರಲ್ಲೇ ಸುಪ್ರೀಂ ಕೋರ್ಟ್ ಈ ವಾದ ತಳ್ಳಿಹಾಕಿದೆ. ಕಾರ್ ಸೀಜ್ ಮಾಡಿ ಹರಾಜು ಹಾಕಿದ್ರೂ ಮುಗೀಲಿಲ್ಲ, ಸಾಲಕ್ಕೆ ಕಡಿಮೆ ಬಿದ್ದ ದುಡ್ಡನ್ನ ನಿಮ್ಮ ಹತ್ರ ಕೇಳಬಹುದು. ಕೋರ್ಟ್ ಡಿಕ್ರಿ, ಅಂದ್ರೆ ದುಡ್ಡು ಕಟ್ಟಿ ಅನ್ನೋ ತೀರ್ಪು, ಆದ್ರೆ ಸಂಬಳಕ್ಕೇ ಕೈ ಬರತ್ತೆ, ಮೊದಲ 1,000 ರೂಪಾಯಿ ಮತ್ತೆ ಉಳಿದಿದ್ರಲ್ಲಿ ಮೂರರಲ್ಲಿ ಎರಡು ಪಾಲು ಬಿಟ್ಟು ಮಿಕ್ಕಿದ್ದು ಜಪ್ತಿ ಆಗಬಹುದು. ಲೆಕ್ಕಕ್ಕೆ ಬರೋ ಸಂಬಳ 46,000 ಇದ್ರೆ ತಿಂಗಳಿಗೆ 15,000 ತನಕ ಹೋಗತ್ತೆ ಅಂತ ಅರ್ಥ. ಇಷ್ಟೆಲ್ಲ ಆದ್ರೂ ಆರ್‌ಸಿ ಬುಕ್ಕಲ್ಲಿ ನಿಮ್ಮ ಹೆಸರು ಇರಲ್ಲ, ಕಾರ್ ಮೇಲೆ ಕೂತು ಒಂದು ಫೋಟೋ ತೆಗೆಸ್ಕೊಳೋ ಹಕ್ಕೂ ಇಲ್ಲ.

ಇನ್ನೊಂದು, ಗ್ಯಾರಂಟರ್ ಅಂದ್ರೆ ಜಾಮೀನುದಾರ ಬೇರೆ, ಕೋ-ಅಪ್ಲಿಕೆಂಟ್ ಬೇರೆ. ಕೋ-ಅಪ್ಲಿಕೆಂಟ್ ಅಂದ್ರೆ ನೀವೇ ಸಾಲಗಾರರು, ಮೊದಲ ಕಂತಿನಿಂದಲೇ. ಯಾವ ಜಾಗದಲ್ಲಿ ಸೈನ್ ತಗೋತಿದಾರೆ ಅಂತ ಬಾಯಿಬಿಟ್ಟು ಕೇಳಿ.

ಹಕ್ಕೇ ಇಲ್ವಾ ಅಂದ್ರೆ ಇದೆ. ನೀವು ಕಟ್ಟಿದ ದುಡ್ಡನ್ನ ಸಾಲಗಾರನಿಂದ ವಸೂಲಿ ಮಾಡಬಹುದು, ಕಟ್ಟಿದ ದಿನದಿಂದ 3 ವರ್ಷದೊಳಗೆ ಕೇಸ್ ಹಾಕಬೇಕು. ಅದಕ್ಕೇ ಕೈಯಲ್ಲಿ ಕೊಡಬೇಡಿ, ಲೋನ್ ಅಕೌಂಟಿಗೇ ಹಾಕಿ ರಸೀದಿ ಇಟ್ಕೊಳಿ. ಪೂರ್ತಿ ಸಾಲ ತೀರಿಸಿದ್ರೆ ಕಾರಿನ ಮೇಲೆ ಬ್ಯಾಂಕಿಗಿದ್ದ ಹಕ್ಕು ನಿಮಗೆ ಬರತ್ತೆ. ನಿಮ್ಮನ್ನ ಕೇಳ್ದೆ ಕರಾರು ಬದಲಾಯಿಸಿದ್ರೆ ಅಲ್ಲಿಂದ ಮುಂದಿನದಕ್ಕೆ ಹೊಣೆ ಇಲ್ಲ ಅಂತ 133ನೇ ಕಲಮು ಇದೆ, ಆದ್ರೆ ಬ್ಯಾಂಕಿನೋರು ಜಾಣರು, ಅದನ್ನ ಬಿಟ್ಟುಕೊಡ್ತೀನಿ ಅಂತ ಸಣ್ಣ ಅಕ್ಷರದಲ್ಲಿ ನಿಮ್ಮ ಕೈಲೇ ಬರೆಸ್ಕೊಂಡಿರ್ತಾರೆ. ಕರಾರಿನ ಕಾಪಿ ಕೇಳಿ ಇಸ್ಕೊಳಿ. ವಸೂಲಿಯೋರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಂಗಿಲ್ಲ. ಮಾಡಿದ್ರೆ ಬ್ಯಾಂಕಿಗೆ ಬರೆದು ದೂರು ಕೊಡಿ, 30 ದಿನ ಸುಮ್ನಿದ್ರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ಆರ್‌ಬಿಐ ಒಂಬುಡ್ಸ್‌ಮನ್ನಿಗೆ ಹೋಗಬಹುದು, ವಿಚಾರಿಸೋಕೆ ನಂಬರ್ 14448.

ಕಾಯ್ದೆಲಿ ಇರೋದು ಸರಿ. ಅಕ್ಕನ ಮಗನ ಮೇಲೆ ದಾವಾ ಹಾಕಿ ದೀಪಾವಳಿಗೆ ಅಕ್ಕನ ಮನೆ ಹೋಳಿಗೆ ತಿನ್ನೋಕಾಗತ್ತಾ? ನಾನು ಏಳು ಕಂತು ಕಟ್ಟಿದೆ. ಅವನು ಬಾಡಿಗೆ ಶುರುವಾದ ಮೇಲೆ ಸ್ವಲ್ಪಸ್ವಲ್ಪನೇ ವಾಪಸ್ ಕೊಟ್ಟ, ಒಳ್ಳೆ ಹುಡುಗ. ಸಾಲ ತೀರಿದ ಮೇಲೆ ಬ್ಯಾಂಕಿಂದ ಬಾಕಿ ಇಲ್ಲ ಅನ್ನೋ ಎನ್‌ಒಸಿ ಪತ್ರ ಇಸ್ಕೊಂಡು ಶಿವಮೊಗ್ಗ ಆರ್‌ಟಿಓಗೆ ಹೋಗಿ ಹೈಪಾಥಿಕೇಶನ್, ಅಂದ್ರೆ ಆರ್‌ಸಿಲಿ ಬರೆದಿದ್ದ ಬ್ಯಾಂಕಿನ ಅಡಮಾನ, ತೆಗೆಸೋ ತನಕ ಬೆನ್ನು ಬಿಡ್ಲಿಲ್ಲ ನಾನು.

ಹೋದ ವರ್ಷ ಅವನ ತಮ್ಮ ಬಂದ, "ಮಾವ, ಒಂದು ಸೈನ್". ಡೌನ್ ಪೇಮೆಂಟಿಗೆ 20,000 ಕೊಡ್ತೀನಿ, ವಾಪಸ್ ಬೇಡ, ಸೈನ್ ಮಾತ್ರ ಕೇಳಬೇಡ ಅಂದೆ. ಅಕ್ಕ ಎರಡು ವಾರ ಫೋನ್ ಎತ್ತಲಿಲ್ಲ. ಮೂರನೇ ವಾರ ಅವಳೇ ಮಾಡಿದ್ಲು, ಕಳಲೆ ಪಲ್ಯ ಮಾಡಿದೀನಿ, ಬಾ ಅಂತ.

ನಮಸ್ಕಾರ.