ಮೊದಲು ಅಂದಾಜು, ಆಮೇಲೆ ಕ್ಯಾಲ್ಕ್ಯುಲೇಟರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ವೈರಿಂಗ್ ಕೆಲಸ ಮಾಡಿದವರು. ಯಾವ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಯಾಕೆ ಟ್ರಿಪ್ ಆಯಿತು ಅಂತ ಬೋರ್ಡ್ ಮುಂದೆ ನಿಂತರೆ ಸಾಕು, ಹೇಳಿಬಿಡುತ್ತೀರಿ. ಆದರೆ ಲೈಸೆನ್ಸ್ ಪರೀಕ್ಷೆಯಲ್ಲಿ ಲೆಕ್ಕದ ಪ್ರಶ್ನೆ ಬಂತು ಅಂದರೆ ಹೊಟ್ಟೆಯೊಳಗೆ ಏನೋ ಒಂಥರಾ ಆಗುತ್ತದೆ, ಅಲ್ವಾ? ನನಗೂ ಆಗುತ್ತಿತ್ತು. ಮೊದಲ ಸಲ ಬರೆದಾಗ ನಾನು ಫೇಲಾದೆ.

ಆ ದಿನದ ಒಂದು ಪ್ರಶ್ನೆ ಇವತ್ತಿಗೂ ನೆನಪಿದೆ. ತಾಮ್ರದ ವೈರಿನ ರೆಸಿಸ್ಟೆನ್ಸ್ ಕೇಳಿದ್ದರು. ವೈರಿನ ವ್ಯಾಸ 2 ಮಿಲಿಮೀಟರ್ ಅಂತ ಕೊಟ್ಟಿದ್ದರು. ನಾವು ಕೆಲಸದಲ್ಲಿ ವೈರನ್ನು ಸ್ಕ್ವೇರ್ ಎಂಎಂ ಲೆಕ್ಕದಲ್ಲೇ, ಅಂದರೆ ಕತ್ತರಿಸಿದ ಮುಖದ ವಿಸ್ತೀರ್ಣದಲ್ಲೇ, ಕರೆಯುವುದು ತಾನೇ? ಕಣ್ಣು ‘ವ್ಯಾಸ’ ಅನ್ನುವ ಪದವನ್ನು ಹಾರಿಸಿಬಿಟ್ಟಿತು. 2 ಸ್ಕ್ವೇರ್ ಎಂಎಂ ಅಂದುಕೊಂಡು ಲೆಕ್ಕ ಮಾಡಿದೆ. ವ್ಯಾಸ 2 ಇದ್ದರೆ ವಿಸ್ತೀರ್ಣ 3.14 ಸ್ಕ್ವೇರ್ ಎಂಎಂ ಆಗುತ್ತದೆ. ಮಜಾ ಏನು ಅಂದರೆ, ನನ್ನ ತಪ್ಪು ಉತ್ತರ ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಅಲ್ಲೇ ಕೂತಿತ್ತು. ಖುಷಿಯಿಂದ ಗುರುತು ಹಾಕಿ ಎದ್ದು ಬಂದೆ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದೊಂದೇ. ಪ್ರಶ್ನೆ ತೆಗೆಯುವವರಿಗೆ ನಾವು ಎಲ್ಲಿ ಎಡವುತ್ತೇವೆ ಅಂತ ಚೆನ್ನಾಗಿ ಗೊತ್ತು. ತಪ್ಪು ಆಯ್ಕೆಗಳನ್ನು ಅವರು ಸುಮ್ನೆ ಬರೆಯುವುದಿಲ್ಲ. ಒಂದೊಂದು ಆಯ್ಕೆಯೂ ಒಂದೊಂದು ಸಾಮಾನ್ಯ ತಪ್ಪಿನ ಉತ್ತರ. ಹಾಗಾಗಿ ‘ನನ್ನ ಉತ್ತರ ಆಯ್ಕೆಯಲ್ಲಿದೆ, ಆದ್ದರಿಂದ ಸರಿ’ ಅನ್ನುವ ಧೈರ್ಯ ಬೇಡ. ಕ್ಯಾಲ್ಕ್ಯುಲೇಟರ್ ಮುಟ್ಟುವ ಮೊದಲು ಉತ್ತರ ಸುಮಾರು ಎಷ್ಟಿರಬೇಕು ಅಂತ ಪೆನ್ಸಿಲಿನಲ್ಲಿ ಒಂದು ಅಂಕಿ ಬರೆದಿಡಿ.

ಸೂತ್ರಗಳಿಗೆ ಹೆದರಬೇಡಿ. ಓಮ್ ತನ್ನ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ್ದು 1827ರಲ್ಲಿ. ಅವತ್ತಿನಿಂದ ಅದು ಬದಲಾಗಿಲ್ಲ. ಹನ್ನೆರಡು ಸೂತ್ರಗಳ ಚಕ್ರ ಒಂದನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ವೋಲ್ಟ್ ಅಂದರೆ ಆಂಪ್ ಗುಣಿಸು ಓಮ್. ವ್ಯಾಟ್ ಅಂದರೆ ವೋಲ್ಟ್ ಗುಣಿಸು ಆಂಪ್. ಈ ಎರಡು ಕೈಯಲ್ಲಿದ್ದರೆ ಉಳಿದ ಹತ್ತು ತಾನಾಗಿ ಬರುತ್ತವೆ.

ಒಂದು ಪ್ರಶ್ನೆ ನೋಡಿ. 230 ವೋಲ್ಟಿನಲ್ಲಿ 2000 ವ್ಯಾಟ್ ಎಳೆಯುವ ಹೀಟರಿಗೆ 115 ವೋಲ್ಟ್ ಕೊಟ್ಟರೆ ಎಷ್ಟು ವ್ಯಾಟ್? ತಕ್ಷಣ ಬಾಯಿಗೆ ಬರುವುದು 1000. ಆದರೆ ಹೀಟರಿನ ಕಾಯಿಲ್ ಅದೇ, ಓಮ್ ಅಷ್ಟೇ. ವೋಲ್ಟ್ ಅರ್ಧವಾದರೆ ಆಂಪ್ ಕೂಡ ಅರ್ಧ. ಅರ್ಧದ ಅರ್ಧ ಕಾಲು. ಉತ್ತರ 500. ಹಾಗೇ ಪ್ಯಾರಲಲ್ ರೆಸಿಸ್ಟೆನ್ಸ್. 6, 3, 2 ಓಮ್ ಪ್ಯಾರಲಲ್‌ನಲ್ಲಿದ್ದರೆ ಒಟ್ಟು 1 ಓಮ್. ಒಟ್ಟು ಯಾವಾಗಲೂ ಅತಿ ಚಿಕ್ಕದಕ್ಕಿಂತ ಕಡಿಮೆಯೇ ಬರಬೇಕು. 2ಕ್ಕಿಂತ ಜಾಸ್ತಿ ಇರುವ ಆಯ್ಕೆಗಳನ್ನೆಲ್ಲ ಲೆಕ್ಕ ಮಾಡದೆಯೇ ಹೊಡೆದು ಹಾಕಬಹುದು.

ಈಗ ವೋಲ್ಟೇಜ್ ಡ್ರಾಪ್, ಅಂದರೆ ದಾರಿಯಲ್ಲಿ ವೈರಿನಲ್ಲೇ ಕಳೆದುಹೋಗುವ ವೋಲ್ಟ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಜಾಸ್ತಿ ಜನ ಬೀಳುವುದು ಇಲ್ಲೇ.

ಬೋರ್ಡಿನಿಂದ 40 ಮೀಟರ್ ದೂರದಲ್ಲಿ 16 ಆಂಪ್ ಲೋಡ್ ಇದೆ. ಸಿಂಗಲ್ ಫೇಸ್, 230 ವೋಲ್ಟ್, 2.5 ಸ್ಕ್ವೇರ್ ಎಂಎಂ ತಾಮ್ರದ ವೈರು. ಡ್ರಾಪ್ ಎಷ್ಟು? ಮೊದಲು ಚಿತ್ರ ಬರೆಯಿರಿ. ಎರಡು ಗೆರೆ, ಒಂದು ಫೇಸ್, ಒಂದು ನ್ಯೂಟ್ರಲ್. ಕರೆಂಟ್ 40 ಮೀಟರ್ ಹೋಗುತ್ತದೆ, 40 ಮೀಟರ್ ವಾಪಸ್ ಬರುತ್ತದೆ. ಒಟ್ಟು ವೈರು 80 ಮೀಟರ್. ಚಿತ್ರ ಬರೆದವರು ಇದನ್ನು ಮರೆಯುವುದಿಲ್ಲ, ಬರೆಯದವರು ಮರೆಯುತ್ತಾರೆ.

ಅಂದಾಜಿಗೆ ಒಂದು ಅಂಕಿ ನೆನಪಿಟ್ಟುಕೊಳ್ಳಿ: 58. ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರು ಸುಮಾರು 58 ಮೀಟರ್ ಉದ್ದವಿದ್ದರೆ 1 ಓಮ್. ಇದು 20 ಡಿಗ್ರಿ ಸೆಲ್ಸಿಯಸ್‌ನ ಲೆಕ್ಕ. ನಮ್ಮದು 80 ಮೀಟರ್, ದಪ್ಪ 2.5. ಅಂದರೆ ಒಂದು ಸ್ಕ್ವೇರ್ ಎಂಎಂನ 32 ಮೀಟರಿಗೆ ಸಮ. 58ಕ್ಕೆ 1 ಓಮ್ ಆದರೆ 32ಕ್ಕೆ ಅರ್ಧ ಓಮಿಗಿಂತ ಚೂರು ಮೇಲೆ. 16 ಆಂಪಿಗೆ ಸುಮಾರು 8 ವೋಲ್ಟ್, ಇಲ್ಲವೇ ಸ್ವಲ್ಪ ಜಾಸ್ತಿ. ಅಂದಾಜು ಮುಗಿಯಿತು.

ಈಗ ಕ್ಯಾಲ್ಕ್ಯುಲೇಟರ್ ತೆಗೆಯಿರಿ. ಒಂದು ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ಮೀಟರಿಗೆ 0.0172 ಓಮ್, ಅಂದರೆ 1 ÷ 58. 0.0172 × 80 ÷ 2.5 = 0.55 ಓಮ್. 16ರಿಂದ ಗುಣಿಸಿದರೆ 8.8 ವೋಲ್ಟ್. 230ಕ್ಕೆ ಶೇಕಡಾ 3.8. ವಾಪಸ್ ದಾರಿ ಮರೆತವರಿಗೆ 4.4 ವೋಲ್ಟ್, ಶೇಕಡಾ 1.9 ಬರುತ್ತದೆ. ಪ್ರಶ್ನೆಯಲ್ಲಿ ಮಿತಿ ಶೇಕಡಾ 3 ಅಂತ ಇದ್ದರೆ ಇವರು ‘ವೈರು ಸಾಕು’ ಅನ್ನುತ್ತಾರೆ. ನಿಜಕ್ಕೂ ಸಾಲದು. 4 ಸ್ಕ್ವೇರ್ ಎಂಎಂ ಹಾಕಿದರೆ ಡ್ರಾಪ್ 5.5 ವೋಲ್ಟಿಗೆ ಇಳಿಯುತ್ತದೆ, ಶೇಕಡಾ 2.4. ಬ್ಯಾಲೆನ್ಸ್ ಇರುವ ತ್ರೀ ಫೇಸ್ ಲೋಡ್ ಆದರೆ, ಹೋಗಿ ಬರುವ ದಾರಿಗೆ ಅಂತ ದೂರವನ್ನು ಗುಣಿಸಿದ 2ರ ಜಾಗದಲ್ಲಿ 1.732. ವೈರು ಬಿಸಿಯಾದರೆ ರೆಸಿಸ್ಟೆನ್ಸ್ ಏರುತ್ತದೆ ಅನ್ನುವುದೂ ಗೊತ್ತಿರಲಿ. 70 ಡಿಗ್ರಿಗೆ ತಾಮ್ರದ್ದು ಹತ್ತಿರ ಹತ್ತಿರ ಶೇಕಡಾ 20 ಜಾಸ್ತಿ. ಆದರೆ ಪರೀಕ್ಷೆಯಲ್ಲಿ ಕೊಟ್ಟಿರುವ ಅಂಕಿ, ಕೊಟ್ಟಿರುವ ಕೋಷ್ಟಕ, ಅದನ್ನೇ ಬಳಸಿ. ನಮ್ಮ ಬುದ್ಧಿವಂತಿಕೆ ಅಲ್ಲಿ ಬೇಡ.

ಮೋಟಾರಿನ ಲೆಕ್ಕ ಇನ್ನೊಂದು ಗುಂಡಿ. ನೇಮ್ ಪ್ಲೇಟಿನಲ್ಲಿ 7.5 ಕಿಲೋವ್ಯಾಟ್, 400 ವೋಲ್ಟ್ ತ್ರೀ ಫೇಸ್, ಪವರ್ ಫ್ಯಾಕ್ಟರ್ (ವೋಲ್ಟ್ ಗುಣಿಸು ಆಂಪ್‌ನಲ್ಲಿ ನಿಜವಾದ ವ್ಯಾಟ್ ಆಗುವ ಪಾಲು) 0.85, ಎಫಿಶಿಯನ್ಸಿ (ಒಳಗೆ ಹೋದ ವ್ಯಾಟ್‌ನಲ್ಲಿ ಶಾಫ್ಟಿಗೆ ಸಿಗುವ ಪಾಲು) ಶೇಕಡಾ 90. ಆಂಪ್ ಎಷ್ಟು? ಆ 7.5 ಶಾಫ್ಟಿನಲ್ಲಿ ಸಿಗುವ ಔಟ್‌ಪುಟ್. ಲೈನಿನಿಂದ ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಅಂದಾಜು ಮಾಡಿ: 1.732 ಗುಣಿಸು 400, ಹತ್ತಿರ ಹತ್ತಿರ 700. 7500ನ್ನು 700ರಿಂದ ಭಾಗಿಸಿದರೆ ಹತ್ತೂಮುಕ್ಕಾಲು. ಪವರ್ ಫ್ಯಾಕ್ಟರ್ ಮತ್ತು ಎಫಿಶಿಯನ್ಸಿ ಎರಡೂ ಇದನ್ನು ಮೇಲಕ್ಕೇ ತಳ್ಳುತ್ತವೆ. ಆದ್ದರಿಂದ 11ಕ್ಕಿಂತ ಮೇಲೆ. ಪೂರ್ತಿ ಮಾಡಿದರೆ 14.15 ಆಂಪ್. ಎಫಿಶಿಯನ್ಸಿ ಮರೆತರೆ 12.7. ಅದೂ ಆಯ್ಕೆಯಲ್ಲಿ ಇರುತ್ತದೆ, ಅನುಮಾನ ಬೇಡ.

ಇದೇ ಲೆಕ್ಕದಲ್ಲಿ ನನ್ನ ಹತ್ತಿರ ಕಲಿಯಲು ಬಂದಿದ್ದ ಹುಡುಗನೊಬ್ಬ 13 ಲಕ್ಷ ಆಂಪ್ ಅಂತ ಬರೆದಿದ್ದ. ಸೂತ್ರ ಸರಿ, ಅಂಕಿಗಳೂ ಸರಿ. 7500 ÷ 1.732 × 400 × 0.85 × 0.9 ಅಂತ ಒಂದೇ ಸಮನೆ ಒತ್ತಿದ್ದ. ಮೊದಲನೆಯದರಿಂದ ಮಾತ್ರ ಭಾಗಿಸಿ, ಉಳಿದದ್ದನ್ನೆಲ್ಲ ಕ್ಯಾಲ್ಕ್ಯುಲೇಟರ್ ಗುಣಿಸಿಬಿಟ್ಟಿತು. ಕೆಳಗಿನದ್ದನ್ನು ಬ್ರಾಕೆಟ್‌ನಲ್ಲಿ ಹಾಕಿ, ಇಲ್ಲವೇ ಪ್ರತಿ ಸಲ ÷ ಒತ್ತಿ. ಪರೀಕ್ಷೆಗೆ ತೆಗೆದುಕೊಂಡು ಹೋಗುವ ಕ್ಯಾಲ್ಕ್ಯುಲೇಟರಿನಲ್ಲೇ ಅಭ್ಯಾಸ ಮಾಡಿ. ಹಿಂದಿನ ದಿನ ಹೊಸದು ತರಬೇಡಿ.

ಡಿರೇಟಿಂಗ್, ಅಂದರೆ ಕಷ್ಟದ ಜಾಗದಲ್ಲಿ ಕೇಬಲ್ ಹೊರುವ ಆಂಪ್ ಕಡಿಮೆ ಅಂತ ಹಿಡಿಯುವ ಲೆಕ್ಕದಲ್ಲಿ, ಗುಣಿಸಬೇಕೋ ಭಾಗಿಸಬೇಕೋ ಅನ್ನುವ ಗೊಂದಲ ಎಲ್ಲರಿಗೂ ಇದೆ. ಎಂಸಿಬಿ 25 ಆಂಪ್, ಫ್ಯಾಕ್ಟರ್ 0.8. ಕೋಷ್ಟಕದಲ್ಲಿ ಎಷ್ಟು ಆಂಪಿನ ಕೇಬಲ್ ಹುಡುಕಬೇಕು? ಕೇಬಲ್‌ಗೆ ಸುತ್ತ ಬಿಸಿ ಇದೆ, ಪಕ್ಕದಲ್ಲಿ ಬೇರೆ ಕೇಬಲ್‌ಗಳಿವೆ, ಪಾಪ ಕಷ್ಟದಲ್ಲಿದೆ. ಹಾಗಾದರೆ ದಪ್ಪದ್ದೇ ಬೇಕು. 25 ÷ 0.8 = 31.25. ಗುಣಿಸಿದರೆ 20 ಬರುತ್ತದೆ, ಅಂದರೆ ಕಷ್ಟದ ಜಾಗಕ್ಕೆ ಸಣ್ಣ ಕೇಬಲ್. ಅದು ಆಗದ ಮಾತು ಅಂತ ಕೈಗೇ ಗೊತ್ತು.

ಹಾರ್ಸ್‌ಪವರ್ ಕೊಟ್ಟರೆ 746ರಿಂದ ಗುಣಿಸಿ ವ್ಯಾಟ್ ಮಾಡಿಕೊಳ್ಳಿ. ಕಿಲೋ, ಮಿಲಿ ಎಲ್ಲವನ್ನೂ ಶುರುವಿನಲ್ಲೇ ಬಿಡಿಸಿ ಬರೆದುಕೊಳ್ಳಿ. ಇದಕ್ಕಿಂತ ಜಾಸ್ತಿ ಅದರ ಬಗ್ಗೆ ಹೇಳಲು ಏನಿಲ್ಲ.

ಅಭ್ಯಾಸ ಹೇಗೆ ಅಂತ ಕೇಳುತ್ತೀರಿ. ದಿನಕ್ಕೆ ಐದು ಲೆಕ್ಕ ಸಾಕು, ಐವತ್ತು ಬೇಡ. ತಪ್ಪಾದ ಲೆಕ್ಕಕ್ಕೆ ಒಂದು ಬೇರೆ ನೋಟ್‌ಬುಕ್ ಇಡಿ. ಸರಿ ಉತ್ತರ ಬರೆದುಕೊಂಡರೆ ಸಾಲದು, ಯಾಕೆ ತಪ್ಪಾಯಿತು ಅಂತ ಒಂದು ಸಾಲು ಬರೆಯಿರಿ: ‘ವಾಪಸ್ ದಾರಿ ಮರೆತೆ’, ‘ವ್ಯಾಸ ಅಂತ ಓದಲಿಲ್ಲ’. ಎರಡು ವಾರ ಆದ ಮೇಲೆ ತಿರುಗಿಸಿ ನೋಡಿ. ನನ್ನ ನೋಟ್‌ಬುಕ್‌ನಲ್ಲಿ ಸುತ್ತಿ ಸುತ್ತಿ ನಾಲ್ಕೇ ತಪ್ಪುಗಳಿದ್ದವು. ನಿಮ್ಮ ಪರೀಕ್ಷೆಗೆ ನಿಯಮಾವಳಿ ಪುಸ್ತಕ ಒಯ್ಯಲು ಬಿಡುತ್ತಾರೆ ಅಂದರೆ, ಬೇಕಾದ ಕೋಷ್ಟಕ ಕೈಗೆ ತಕ್ಷಣ ಸಿಗುವ ಹಾಗೆ ಪುಟ ತಿರುಗಿಸುವುದನ್ನೂ ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಿ.

ಸರಿ, ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಿದ್ದೇನೆ. 7 ಕಿಲೋವ್ಯಾಟ್ ಹೀಟರ್, ಸಿಂಗಲ್ ಫೇಸ್ 230 ವೋಲ್ಟ್, ದೂರ 30 ಮೀಟರ್, 6 ಸ್ಕ್ವೇರ್ ಎಂಎಂ ತಾಮ್ರ. ಡ್ರಾಪ್ ಎಷ್ಟು ವೋಲ್ಟ್? ಆಯ್ಕೆಗಳು 2.6, 4.5, 5.2, 10.5. ಐದು ನಿಮಿಷ ತಗೊಳ್ಳಿ. ಉತ್ತರ ಮಾತ್ರ ಬೇಡ. ಉಳಿದ ಮೂರು ಯಾವ್ಯಾವ ತಪ್ಪಿನಿಂದ ಬಂದವು ಅಂತ ಪಕ್ಕದಲ್ಲಿ ಬರೆಯಿರಿ. ಕ್ಯಾಲ್ಕ್ಯುಲೇಟರ್ ಸದ್ಯಕ್ಕೆ ಜೇಬಿನಲ್ಲೇ ಇರಲಿ.