ಒರಳು, ಗುಂಡು ಮತ್ತು ಒಣನಾಡಿನ ಹೊಳೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ತುಂಗೆ ಉಕ್ಕಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ಊರೆಲ್ಲ ಕೇಳುತ್ತಿರುವ ಹೊತ್ತಿನಲ್ಲಿ, ನಾನು ವರ್ಷದ ಬಹುಪಾಲು ನೀರೇ ಇಲ್ಲದ ಹೊಳೆಗಳ ಕಥೆ ತಂದಿದ್ದೇನೆ. ಬೈಯಬೇಡಿ.

ನಮ್ಮ ಹೊಳೆಗಳ ಬಂಡೆಯಲ್ಲಿ ದುಂಡಗೆ ಕೊರೆದ ಗುಂಡಿಗಳನ್ನು ನೋಡಿರುತ್ತೀರಿ. ಬೇಸಿಗೆಯಲ್ಲಿ ಒಂದಕ್ಕೆ ಕೈ ಹಾಕಿ ನೋಡಿ. ಗೋಡೆ ನುಣ್ಣಗಿರುತ್ತದೆ. ತಳದಲ್ಲಿ ಮೂರ್ನಾಲ್ಕು ಉರುಟು ಕಲ್ಲು, ಒಂದು ಹಿಡಿ ಮರಳು. ಥೇಟ್ ಒರಳು, ಅಲ್ವಾ? ಬರೀ ನೀರಿಗೆ ಗಟ್ಟಿ ಬಂಡೆ ಅಷ್ಟು ಸುಲಭಕ್ಕೆ ಸವೆಯುವುದಿಲ್ಲ. ನೀರು ತಿರುಗಿಸುವ ಕೈ ಮಾತ್ರ, ಅರೆಯುವುದು ಕಲ್ಲು. ಆದರೆ ಒರಳಿಗೆ ಅಕ್ಕಿಯನ್ನು ಒಂದೇ ಸಲ ಜಾಸ್ತಿ ಸುರಿದರೆ ಗುಂಡು ತಳ ಮುಟ್ಟೋದೇ ಇಲ್ಲ. ಹೊಳೆಯಲ್ಲೂ ಹಾಗೆಯೇ. ಮರಳು ಕಡಿಮೆ ಇದ್ದರೆ ಉಳಿಯಾಗುತ್ತದೆ, ಹೆಚ್ಚಾದರೆ ಹೊದಿಕೆಯಾಗುತ್ತದೆ. ಇದನ್ನು ಮೊದಲಿಗೆ ಗಮನಿಸಿ ಬರೆದವರಲ್ಲಿ ಅಮೆರಿಕದ ಭೂವಿಜ್ಞಾನಿ ಗಿಲ್ಬರ್ಟ್ ಒಬ್ಬರು. ಯೂಟಾದ ಹೆನ್ರಿ ಬೆಟ್ಟಗಳಲ್ಲಿ ಓಡಾಡಿ, 1877ರ ವರದಿಯಲ್ಲಿ ಹೇಳಿದರು. ಅದು ಒಣನಾಡೇ.

ಸರಿ, ಒಣನಾಡಿನಲ್ಲಿ ಅಷ್ಟು ಮರಳು ಎಲ್ಲಿಂದ ಬರುತ್ತದೆ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ, ಮಣ್ಣು ಅಲ್ಲೇ ಹೆಚ್ಚು ಕೊಚ್ಚಿಹೋಗಬೇಕಲ್ಲ ಅನ್ನಿಸುತ್ತದೆ. ಆದರೆ ಕಾಡಿನ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದಿರುತ್ತದೆ. ಲ್ಯಾಂಗ್‌ಬೈನ್ ಮತ್ತು ಶುಮ್ ಎಂಬ ವಿಜ್ಞಾನಿಗಳು 1958ರಲ್ಲಿ ಅಮೆರಿಕದ ಅಂಕಿಗಳನ್ನು ಕೂಡಿಸಿ ನೋಡಿದಾಗ, ಹೂಳು ಅತಿ ಹೆಚ್ಚು ಬಂದದ್ದು ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆಯ ಸೀಮೆಯಲ್ಲಿ. ಕೊಚ್ಚುವಷ್ಟು ಮಳೆ ಇದೆ, ತಡೆಯುವಷ್ಟು ಹಸಿರಿಲ್ಲ. ಎಲ್ಲ ಕಡೆಗೂ ಇದೇ ಲೆಕ್ಕ ಕೂರುವುದಿಲ್ಲ, ಆದರೆ ಯೋಚನೆ ಮಾತ್ರ ಗಟ್ಟಿ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ತುಂಗೆಯಂಥ ಹೊಳೆ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಸಣ್ಣಗೆ ಹರಿಯುತ್ತದೆ. ಆ ಹರಿವು ಸಣ್ಣ ಮರಳನ್ನು ಆರಿಸಿ ಒಯ್ಯುತ್ತದೆ. ಮೇಲೆ ದಪ್ಪ ಕಲ್ಲು ಉಳಿದು ಮುಚ್ಚಳದಂತೆ ಕೂರುತ್ತದೆ. ಒಣಹೊಳೆಗೆ ಆ ಪುರುಸೊತ್ತಿಲ್ಲ. ಪ್ರವಾಹ ಗೋಡೆ ಬಂದ ಹಾಗೆ ಬರುತ್ತದೆ, ಕೆಲವೇ ಗಂಟೆಯಲ್ಲಿ ಇಳಿಯುತ್ತದೆ. ಮುಚ್ಚಳವೇ ಇಲ್ಲದ್ದರಿಂದ ಮುಂದಿನ ಪ್ರವಾಹಕ್ಕೆ ತಳದ ಸರಕೆಲ್ಲ ಸಡಿಲವಾಗಿ ಸಿಗುತ್ತದೆ. ಇಸ್ರೇಲಿನ ನೆಗೆವ್ ಮರುಭೂಮಿಯ ನಹಾಲ್ ಯಾತಿರ್ ಹಳ್ಳದಲ್ಲಿ ಲಾರೋನ್ ಮತ್ತು ರೀಡ್ ಎಂಬ ಸಂಶೋಧಕರು ಇದನ್ನು ಅಳೆದು 1993ರಲ್ಲಿ ಪ್ರಕಟಿಸಿದರು. ಸದಾ ಹರಿಯುವ ಹೊಳೆಗಿಂತ ನೂರಾರು ಪಟ್ಟು ಸಲೀಸಾಗಿ ಅದು ತಳದ ಕಲ್ಲುಮರಳು ಸಾಗಿಸುತ್ತಿತ್ತು!

ಹಾಗಾದರೆ ಆ ಮರಳೆಲ್ಲ ಸಮುದ್ರ ಸೇರಬೇಕಿತ್ತಲ್ಲ? ಸೇರೋದಿಲ್ಲ. ಕೆಳಗೆ ಹೋದಂತೆ ಒಣ ಮರಳೇ ನೀರು ಕುಡಿಯುತ್ತದೆ. ನೀರು ಸೋತಲ್ಲಿ ಹೊರೆ ಇಳಿಯುತ್ತದೆ.

ಚಿತ್ರದುರ್ಗದ ಕಡೆಯ ಒಂದು ಹಳ್ಳದಲ್ಲಿ ಇದನ್ನು ಕಣ್ಣಾರೆ ಕಂಡೆ. ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಮೊಣಕಾಲುದ್ದ ಮರಳಿತ್ತು. ಗುರುತಿಗೆ ಒಂದು ಕಬ್ಬಿಣದ ಸಲಾಕೆ ನೆಟ್ಟು ಬಂದೆ. ಒಂದು ರಾತ್ರಿ ಜೋರು ಮಳೆ. ಮಾರನೇ ದಿನ ಹೋದರೆ ಅಲ್ಲಿ ಬರೀ ಬಂಡೆ, ತೊಳೆದಿಟ್ಟ ಹಾಗೆ. ಸ್ವಲ್ಪ ಕೆಳಗೆ, ಹಳ್ಳ ಅಗಲವಾಗುವಲ್ಲಿ, ಯಾರದೋ ಪಂಪ್‌ಸೆಟ್ ಪೈಪು ಹೂತುಹೋಗುವಷ್ಟು ಹೊಸ ಮರಳು. ಪೈಪನ್ನು ಎಲ್ಲರೂ ಸೇರಿ ಅಗೆದು ತೆಗೆದೆವು. ನನ್ನ ಸಲಾಕೆ ಇವತ್ತಿಗೂ ಸಿಕ್ಕಿಲ್ಲ.